ಲೇಸಮ್ಮನ ಮೂಳೆ ಕಡ್ಡಿಗಳು

ಲೇಸಮ್ಮನನ್ನು ಯಾರಾದರೂ ದೊರೆಸಾನಿ ಅಂತ ಕರೆದರೆ ಮೂಗಿನ ತುದಿ ಕೆಂಪಾಗಿಬಿಡುತ್ತಿತ್ತು. "ನಾನು ಯಾವ ದೊರೆಸಾನಿ? ದೊರೆಸಾನಿ ಮಕ್ಕಳ ಕುಂಡೆ ತೊಳೆದೋಳು ನಾನು" ಅಂತ ಕೂಲಿ ಲೈನಿನ ಹೆಂಗಸರಿಂದ ಕಲಿತ ಕನ್ನಡದಲ್ಲಿ ಎಲ್ಲರೆದುರಿಗೇ ಹೇಳಿಬಿಡೋರು. ಹೇಳಿದ್ದು ಸುಳ್ಳೇನೂ ಅಲ್ಲ. ನಮ್ಮ ಎಸ್ಟೇಟಿನ ಇಂಗ್ಲಿಷ್ ದೊರೆ ತನ್ನ ಮಕ್ಕಳನ್ನು ನೋಡಿಕೊಳ್ಳಲಿಕ್ಕೆ ಅಂತ ಹಡಗಿನಲ್ಲಿ ಕರೆಸಿಕೊಂಡ ಆಯಾ ಅವರು. ಮಕ್ಕಳು ಬೆಳೆದು ಇಂಗ್ಲೆಂಡಿನ ಶಾಲೆಗೆ ಹೋದವು. ಸ್ವಾತಂತ್ರ್ಯ ಬಂದ ಮೇಲೆ ದೊರೆಯೂ ತೋಟ ಮಾರಿ ಹೊರಟ. ಇವರು ಮಾತ್ರ ಹೋಗಲಿಲ್ಲ. ಯಾಕಮ್ಮಾ ಅಂತ ಕೇಳಿದರೆ, ಅಲ್ಲಿ ನಾನು ಬಾಗಿಲು ತಟ್ಟಿದರೆ ತೆಗೆಯೋರು ಯಾರಿದ್ದಾರೆ ಅನ್ನೋರು. ತೋಟ ಕೊಂಡ ಹೊಸ ಸಾಹುಕಾರರು ಒಳ್ಳೆಯವರು, ಬಂಗಲೆ ಹಿಂದಿನ ಎರಡು ಕೋಣೆಯ ಮನೆಯಲ್ಲಿ ಇರು ಅಂತ ಬಿಟ್ಟರು. ಅವರಿಗೂ ಇವರು "ನೀನು" ಅಂತಲೇ ಮಾತಾಡೋರು. ಲೈನಿನ ಕನ್ನಡದಲ್ಲಿ "ನೀವು" ಇದ್ದರಲ್ಲವೇ ಕಲಿಯೋದು.

ನಾನು ಹೇಳ್ತಿರೋದು ಕೊಡಗು ಇನ್ನೂ ತನ್ನದೇ ಒಂದು ರಾಜ್ಯವಾಗಿದ್ದ ಕಾಲದ ಮಾತು. ಅಸೆಂಬ್ಲಿ ಮಡಿಕೇರಿಯಲ್ಲೇ, ಮಂತ್ರಿಗಳೂ ಮಡಿಕೇರಿಯಲ್ಲೇ. ಮೈಸೂರಿಗೆ ಸೇರಿಸ್ತಾರಂತೆ, ಇಲ್ಲ ಸೇರಿಸಲ್ವಂತೆ ಅಂತ ನಮ್ಮ ಯಜಮಾನರು ದಿನಕ್ಕೊಂದು ಸುದ್ದಿ ತರೋರು. ಸೋಮವಾರಪೇಟೆಗೂ ಕುಶಾಲನಗರಕ್ಕೂ ನಡುವಿನ ಆ ಕಾಫಿ ತೋಟದಲ್ಲಿ ಅವರು ಲೆಕ್ಕ ಬರೆಯೋ ರೈಟರ್. ನಮ್ಮದು ಹಾಸನದ ಕಡೆಯಿಂದ ಬಂದು ಇಲ್ಲಿ ನೆಲೆ ನಿಂತ ಒಕ್ಕಲು ಮನೆತನ. ಮೊನ್ನೆ ನನ್ನ ಮೊಮ್ಮಗಳು ಲಂಗದ ಅಂಚಿಗೆ ಅಂತ ಸಂತೆಯಿಂದ ಲೇಸು ತಂದಳು, ಅಂಗಡಿಯವನು ಅಳೆದು ಚರಕ್ಕನೆ ಕತ್ತರಿಸಿ ಕೊಟ್ಟದ್ದು. ಅದನ್ನು ಕೈಯಲ್ಲಿ ಹಿಡಿದು ನಾನು ಸುಮ್ಮನೆ ಕೂತುಬಿಟ್ಟೆ. ಏನಜ್ಜಿ ಅಂತ ಕೇಳಿದಳು. ಹೇಳೋಕೆ ಹೋದರೆ ಮುಗಿಯೋದಿಲ್ಲ ಅಂತ ಆಗ ಹೇಳಲಿಲ್ಲ.

ಅವರಿಗೆ ಲೇಸಮ್ಮ ಅಂತ ಹೆಸರಿಟ್ಟದ್ದು ಕಾಫಿ ಹಣ್ಣು ಕೀಳೋ ಪಿಕ್ಕಿಂಗಿನ ಹೆಂಗಸರು. ನಿಜವಾದ ಹೆಸರು ನಮ್ಮ ಬಾಯಲ್ಲಿ ಹೊರಳುತ್ತಿರಲಿಲ್ಲ, ಅವರಿಗೂ ಅದರ ಬಗ್ಗೆ ಬೇಜಾರಿರಲಿಲ್ಲ. ಉದ್ದನೆಯ ಆಳು, ಕೈಕಾಲು ಗಂಡಸಿನ ಹಾಗೆ ದಪ್ಪ. ಅಂಥ ಬೆರಳಲ್ಲಿ ಜೇಡರ ಬಲೆಯಂಥ ಕೆಲಸ ಹೇಗೆ ಹುಟ್ಟುತ್ತಿತ್ತೋ ದೇವರಿಗೇ ಗೊತ್ತು. ಸೋಮವಾರ ಬಟ್ಟೆ ಒಗೆಯೋದು, ಮಂಗಳವಾರ ಇಸ್ತ್ರಿ, ಆಕಾಶ ಕಳಚಿ ಬಿದ್ದರೂ ಅದು ಬದಲಾಗುತ್ತಿರಲಿಲ್ಲ. ಮಳೆಗಾಲದಲ್ಲಿ ಒಗೆದದ್ದು ಒಣಗದೆ ಮುಗ್ಗಲು ಹಿಡಿದರೂ ಸೋಮವಾರ ಸೋಮವಾರವೇ. ಭಾನುವಾರ ತಲೆಗೆ ಟೋಪಿ ಇಟ್ಟುಕೊಂಡು, ಚರ್ಚು ದೂರವಾದ್ದರಿಂದ, ಮನೆಯ ಮುಂದಿನ ಕುರ್ಚಿಯಲ್ಲೇ ಕೂತು ಪ್ರಾರ್ಥನೆ ಮುಗಿಸೋರು. ನಮ್ಮ ಕಿತ್ತಳೆಯನ್ನು ಸಿಪ್ಪೆ ಸಮೇತ ಬೇಯಿಸಿ ಕಹಿಕಹಿ ಜಾಮ್ ಮಾಡಿ ಬ್ರೆಡ್ಡಿಗೆ ಸವರಿಕೊಳ್ಳೋರು. ಒಂದು ಸಲ ನಮ್ಮತ್ತೆಗೂ ಕೊಟ್ಟರು. ಅತ್ತೆ ಕಷ್ಟಪಟ್ಟು ನುಂಗಿ, ಮನೆಗೆ ಬಂದ ಮೇಲೆ, ಪಾಪ ಸಿಪ್ಪೆ ಬಿಸಾಕೋದು ಯಾರೂ ಹೇಳಿಕೊಟ್ಟಿಲ್ಲ ಅಂದರು.

ಅವರ ಊರಿನ ಕತೆ ನಮಗೆಲ್ಲ ಬಾಯಿಪಾಠ. ಇಂಗ್ಲೆಂಡ್ ಅಂದರೆ ಬರೀ ಬಂಗಲೆ, ಕುದುರೆ ಗಾಡಿ ಅಂದುಕೊಂಡಿದ್ದ ನಮಗೆ ಇವರ ಇಂಗ್ಲೆಂಡ್ ಬೇರೆಯೇ ಇತ್ತು. ಹುಲ್ಲು ಹೊದಿಸಿದ ಗಿಡ್ಡ ಮನೆ, ಗದ್ದೆಯಲ್ಲಿ ಕೂಲಿ ಮಾಡೋ ಅಪ್ಪ, ಕೊಯ್ಲಾದ ಮೇಲೆ ಬಿದ್ದ ತೆನೆ ಆಯಲು ಹೋಗೋ ಮಕ್ಕಳು. ಹೆಂಗಸರು ಬೆಳಗಿನಿಂದ ಕಿಟಕಿ ಪಕ್ಕ ಕೂತು ಲೇಸು ನೇಯೋರಂತೆ. ಅವರ ಅಜ್ಜಿಯನ್ನು ಐದು ವರ್ಷಕ್ಕೇ ಲೇಸಿನ ಶಾಲೆಗೆ ತಳ್ಳಿದ್ದರಂತೆ, ಅಲ್ಲಿ ಅಕ್ಷರ ಕಲಿಸೋದಿಲ್ಲ, ಗುಂಡುಸೂಜಿ ಚುಚ್ಚೋದು ಕಲಿಸ್ತಾರೆ. ಒಲೆ ಹಚ್ಚಿದರೆ ಮಸಿ ಹಾರಿ ಬಿಳಿ ದಾರ ಕೆಡುತ್ತದೆ ಅಂತ ಚಳಿಗಾಲದಲ್ಲೂ ಬೆಂಕಿ ಇಲ್ಲ, ಬದಲಿಗೆ ಮಡಕೆಯಲ್ಲಿ ಬಿಸಿ ಬೂದಿ ತುಂಬಿ ಲಂಗದ ಅಡಿ ಇಟ್ಟುಕೊಳ್ಳೋದು. ನೀರು ತುಂಬಿದ ಗಾಜಿನ ಬುರುಡೆಯನ್ನು ಮೇಣದ ಬತ್ತಿಯ ಮುಂದಿಟ್ಟು ಅದರ ಬೆಳಕಲ್ಲಿ ನೇಯೋದು. ಅಜ್ಜಿಯ ಕಣ್ಣು ಹೋಗಿತ್ತಂತೆ, ಆಮೇಲೂ ಬೆರಳಲ್ಲೇ ನೋಡಿಕೊಂಡು ನೇಯ್ದಳಂತೆ. ಅವರೂ ನಮ್ಮ ಹಾಗೇ ಬಡವರು ಕಣೇ ಅಂತ ಅತ್ತೆ ನನಗೆ ಆಶ್ಚರ್ಯದಿಂದ ಹೇಳಿದ್ದರು.

ದೊರೆ ಹೋದ ಮೇಲೆ ಇವರ ಹೊಟ್ಟೆಪಾಡಿಗೂ ಲೇಸೇ ಗತಿಯಾಯಿತು. ಉಳಿದಿದ್ದ ನಾಲ್ಕಾರು ಇಂಗ್ಲಿಷ್ ಮನೆಗಳಿಂದ ದಿಂಬಿನ ಅಂಚು, ಮೇಜಿನ ಬಟ್ಟೆ ಅಂತ ಕೆಲಸ ಬರುತ್ತಿತ್ತು. ಮಧ್ಯಾಹ್ನ ನಾವು ಕೆಲವು ಹೆಂಗಸರು ಕಲಿಯಲು ಹೋಗುತ್ತಿದ್ದೆವು. ಒಣಹುಲ್ಲು ಗಟ್ಟಿಯಾಗಿ ತುಂಬಿದ ಗುಂಡನೆಯ ದಿಂಬು, ಅದರ ಮೇಲೆ ನಕ್ಷೆ ಚುಚ್ಚಿದ ದಪ್ಪ ಕಾಗದ, ಕಾಗದದ ತೂತು ತೂತಿಗೂ ಗುಂಡುಸೂಜಿ. ದಾರಗಳ ತುದಿಗೆಲ್ಲ ಬೆರಳುದ್ದದ ಕಡ್ಡಿ. ಅವರು ಬಾಬಿನ್ ಅನ್ನೋರು, ನಾವು ಕಡ್ಡಿ ಅಂತಿದ್ದೆವು. ನಮ್ಮ ಕಡ್ಡಿಗಳನ್ನು ತೋಟದ ಬಡಗಿ ಕಾಫಿ ಗಿಡದ ಬೊಡ್ಡೆಯಿಂದ ಮಾಡಿಕೊಟ್ಟಿದ್ದ. ಎಡದ್ದನ್ನು ಬಲಕ್ಕೆ ದಾಟಿಸು, ತಿರುಚು, ಸೂಜಿ ಚುಚ್ಚು. ನನಗೆ ಅದು ಒಲಿಯಲೇ ಇಲ್ಲ. ನಿನ್ನ ಲೇಸು ನೋಡಿದರೆ ಇಲಿ ನೇಯ್ದ ಹಾಗಿದೆ ಮಗಾ ಅಂತ ಬೈಯೋರು. ಅವರು ನನ್ನನ್ನು ಕರೆಯುತ್ತಿದ್ದದ್ದೇ ಮಗಾ ಅಂತ.

ಒಂದು ಡಬ್ಬಿಯಲ್ಲಿ ಇಟ್ಟುಕೊಂಡಿದ್ದ ಅವರ ಕಡ್ಡಿಗಳು ಮಾತ್ರ ಮೂಳೆಯವು. ಹಳದಿಗಟ್ಟಿ ನಯವಾಗಿದ್ದವು, ತುದಿಯಲ್ಲಿ ತಂತಿಗೆ ಪೋಣಿಸಿದ ಗಾಜಿನ ಮಣಿಗಳು. ಒಂದೊಂದರ ಮೇಲೂ ಸಣ್ಣ ಸಣ್ಣ ಚುಕ್ಕಿಯಲ್ಲಿ ಒಂದೊಂದು ಹೆಸರು ಕೆತ್ತಿ, ಚುಕ್ಕಿಗಳಿಗೆ ಕೆಂಪು ನೀಲಿ ಬಣ್ಣ ತುಂಬಿತ್ತು. ಮನೆಯಲ್ಲಿ ಮಗು ಹುಟ್ಟಿದರೆ, ಮದುವೆಯಾದರೆ, ಯಾರಾದರೂ ಸತ್ತರೆ ಅವರೂರಲ್ಲಿ ಅಂಥದ್ದೊಂದು ಮಾಡಿಸೋದು ವಾಡಿಕೆಯಂತೆ. ಅಜ್ಜಿಯ ಅಜ್ಜಿಯಿಂದ ಹಿಡಿದು ಎಲ್ಲರೂ ಅದರಲ್ಲಿದ್ದರು. ನೇಯುತ್ತಾ ನೇಯುತ್ತಾ ಒಂದೊಂದನ್ನೇ ಮುಟ್ಟಿ, ಇದರ ಮೇಲೆ ಅಮ್ಮನ ಹೆಸರು, ಇದು ಹೆರಿಗೆಯಲ್ಲಿ ಹೋದ ಚಿಕ್ಕಮ್ಮಂದು, ಇದು ತಮ್ಮಂದು ಅಂತ ಹೇಳೋರು. ತಮ್ಮ ಮೊದಲನೇ ದೊಡ್ಡ ಯುದ್ಧದಲ್ಲಿ ಎಲ್ಲೋ ಕೆಸರಿನಲ್ಲಿ ಹೋದವನು. ಅವನ ಕಡ್ಡಿಗೆ ನೀಲಿ ಮಣಿ. ಆ ವಂಶದಲ್ಲಿ ಉಳಿದದ್ದು ಇವರೊಬ್ಬರೇ. ಮದುವೆಯಿಲ್ಲ, ಮಕ್ಕಳಿಲ್ಲ. ನನ್ನ ಜನ ಇರೋದು ಈ ಡಬ್ಬಿಯಲ್ಲಿ ಮಾತ್ರ, ಇದು ಹೋದರೆ ಅವರು ಹುಟ್ಟೇ ಇರಲಿಲ್ಲ ಅನ್ನೋ ಹಾಗಾಗುತ್ತೆ ಅಂತ ಒಂದು ದಿನ ನನಗೆ ಹೇಳಿದ್ದರು. ಹಾಗಂದಾಗ ಅವರ ದನಿ ಕೇಳಿ ನನಗೆ ಭಯವಾಗಿತ್ತು.

ಈಗ ನಮ್ಮತ್ತೆಯ ವಿಷಯ ಹೇಳಬೇಕು. ಲೇಸು ಕಲಿಯೋಕಲ್ಲ, ಬರೀ ಲೇಸಮ್ಮನ ಪಕ್ಕ ಕೂರೋಕೆ ಅಂತ ದಿನಾ ನನ್ನ ಜೊತೆ ಬರೋರು. ಅತ್ತೆಗೆ ನಮ್ಮ ಯಜಮಾನರಿಗಿಂತ ದೊಡ್ಡ ಮಗ ಒಬ್ಬನಿದ್ದ. ಮರ ಕಡಿಯೋ ಕಂಟ್ರಾಕ್ಟಿನವರ ಜೊತೆ ಮಾಕುಟ್ಟದ ಕಾಡಿಗೆ ಹೋದವನು ಅಲ್ಲೇ ಜ್ವರ ಬಂದು ತೀರಿಕೊಂಡ. ಜೊತೆಯವರು ಅಲ್ಲೇ ಸುಟ್ಟರಂತೆ. ಸುದ್ದಿ ಇಲ್ಲಿಗೆ ತಲುಪಿ ನಮ್ಮವರು ಓಡಿಹೋಗುವ ಹೊತ್ತಿಗೆ ಮಳೆ ಬಂದು ಬೂದಿಯೂ ಇಲ್ಲ, ಮೂಳೆಯೂ ಇಲ್ಲ, ಸುಟ್ಟ ಜಾಗವೂ ಸರಿಯಾಗಿ ಗೊತ್ತಾಗಲಿಲ್ಲ. ನಮ್ಮಲ್ಲಿ ಮೂಳೆಯನ್ನು ಹೊಳೆಗೆ ಬಿಡದೆ ಸತ್ತವರಿಗೆ ದಾರಿ ಇಲ್ಲ ಅಂತ ನಂಬಿಕೆ. ಅತ್ತೆ ನಿದ್ದೆಯಲ್ಲಿ ಎದ್ದು ಕೂತು, ಬಂದ್ಯಾ ಮಗಾ ಅಂತ ಬಾಗಿಲ ಕಡೆ ಕೇಳೋರು. ಎಷ್ಟೋ ವರ್ಷ ಹಾಗೆ ಕೇಳಿದರು. ಹಗಲಲ್ಲಿ ಅವನ ಹೆಸರೆತ್ತುತ್ತಿದ್ದದ್ದು ಲೇಸಮ್ಮನ ಹತ್ತಿರ ಮಾತ್ರ. ಇವರು ತಮ್ಮನ ಮಾತು ಹೇಳೋರು, ಅವರು ಮಗನ ಮಾತು ಹೇಳೋರು, ಒಬ್ಬರ ಲೋಕ ಇನ್ನೊಬ್ಬರಿಗೆ ಅರ್ಧ ತಿಳಿದರೆ ಹೆಚ್ಚು.

ಒಂದು ಮಧ್ಯಾಹ್ನ ಅತ್ತೆ ನೇರವಾಗಿ ಕೇಳಿಬಿಟ್ಟರು, ಇವು ಯಾರ ಮೂಳೆ ಲೇಸಮ್ಮಾ ಅಂತ. ಲೇಸಮ್ಮನ ಕೈ ನಿಂತಿತು. ನಮ್ಮನ್ನೆಲ್ಲ ಒಮ್ಮೆ ನೋಡಿದರು. ಆಮೇಲೆ ದಾರ ತುಂಡಾಯ್ತು ಅಂತ ಏನೋ ಗೊಣಗಿ ತಲೆ ಬಗ್ಗಿಸಿದರು. ದಾರವೇನೂ ತುಂಡಾಗಿರಲಿಲ್ಲ. ಅವತ್ತು ಮನೆಗೆ ವಾಪಸು ಬರುವಾಗ ಅತ್ತೆ, ಸತ್ತವರ ಮೂಳೆಗೆ ಅವರದೇ ಹೆಸರು ಕೆತ್ತಿ, ಮಣಿ ಕಟ್ಟಿ, ಹೊಟ್ಟೆಪಾಡಿಗೆ ದುಡಿಸ್ತಾರಲ್ಲ, ಅವಕ್ಕೆ ಬಿಡುಗಡೆ ಯಾವಾಗ ಅಂತ ನನ್ನನ್ನು ಕೇಳಿದರು. ಅವರ ಪದ್ಧತಿ ನಮಗೇನು ಗೊತ್ತು ಅತ್ತೆ ಅಂದೆ. ನನಗೂ ಹಾಗೇ ಇರಬಹುದು ಅನ್ನಿಸಿತ್ತು.

ಆ ವರ್ಷ ಕಕ್ಕಡದಲ್ಲಿ, ಮಳೆ ಜೋರಾಗಿರುವ ತಿಂಗಳಲ್ಲಿ, ಲೇಸಮ್ಮನಿಗೆ ಜ್ವರ ಬಂದು ಎದೆ ಕಟ್ಟಿಕೊಂಡಿತು. ಸಾಹುಕಾರರ ಜೀಪಿನಲ್ಲಿ ಮಡಿಕೇರಿ ಆಸ್ಪತ್ರೆಗೆ ಸೇರಿಸಿದೆವು. ನೋಡಿಕೊಳ್ಳಲು ನಾನೇ ಉಳಿದೆ. ಬದುಕೋದು ಕಷ್ಟ ಅಂತ ಡಾಕ್ಟರು ಹೇಳಿದ್ದು ತೋಟಕ್ಕೂ ಮುಟ್ಟಿತು. ಅಲ್ಲಿ ಅತ್ತೆಗೆ ಒಂದೇ ಯೋಚನೆ. ಇವರನ್ನು ಪಾದ್ರಿಗಳು ಬಂದು ಮಣ್ಣು ಮಾಡ್ತಾರೆ, ಸರಿ. ಡಬ್ಬಿಯಲ್ಲಿರೋರನ್ನು ಯಾರು ನೋಡ್ತಾರೆ? ಮನೆ ಖಾಲಿ ಮಾಡಿಸುವಾಗ ಕಸದ ಜೊತೆ ಗುಂಡಿಗೆ ಸುರಿದುಬಿಡ್ತಾರೆ. ಅತ್ತೆ ಯಾರನ್ನೂ ಕೇಳಲಿಲ್ಲ. ಬಂಗಲೆ ಹಿಂದಿನ ಮನೆಗೆ ಹೋಗಿ, ದಿಂಬಿನ ಮೇಲೆ ಅರ್ಧ ನೇಯ್ದಿದ್ದ ಲೇಸಿನಿಂದ ಕಡ್ಡಿಗಳನ್ನೆಲ್ಲ ಕತ್ತರಿಸಿ ಬಿಡಿಸಿಕೊಂಡು, ಡಬ್ಬಿಯಲ್ಲಿದ್ದವನ್ನೂ ಸೇರಿಸಿ ಹೊಸ ಬಟ್ಟೆಯಲ್ಲಿ ಕಟ್ಟಿದರು. ಬಸ್ಸು ಹತ್ತಿ ಕುಶಾಲನಗರಕ್ಕೆ ಹೋದರು. ಕಾವೇರಿ ಹೊಳೆ ಎರಡು ದಡ ತುಂಬಿ ಕೆಂಪಗೆ ಹರಿಯುತ್ತಿತ್ತು. ಎಳ್ಳು, ಅಕ್ಕಿ, ಹಾಲು ಹಾಕಿ ಕೈಮುಗಿದು, ಹೆಂಗಸು ಮಾಡಬಾರದ ಕೆಲಸವನ್ನು ತಾವೇ ಮಾಡಿ ಬಂದರು.

ಲೇಸಮ್ಮ ಸಾಯಲಿಲ್ಲ. ಜ್ವರ ಇಳಿಯಿತು, ಗಂಜಿ ಕುಡಿದರು, ನರ್ಸಿನ ಜೊತೆ ಜಗಳ ಆಡಿದರು. ಜೀಪಿನಲ್ಲಿ ವಾಪಸು ಕರೆದುಕೊಂಡು ಬಂದಾಗ ಅತ್ತೆ ಬಾಗಿಲಲ್ಲೇ ಕಾಯುತ್ತಿದ್ದರು. ಮುಖ ಅರಳಿತ್ತು. ಕೈ ಹಿಡಿದು ಒಳಗೆ ಕೂರಿಸಿ, "ನಿನ್ನೋರಿಗೆಲ್ಲ ದಾರಿ ತೋರಿಸಿದೆ ತಾಯಿ, ಕಾವೇರಮ್ಮನ ಮಡಿಲಿಗೆ ಹಾಕಿ ಬಂದೆ. ಅದಕ್ಕೇ ನೋಡು, ಅವರು ನಿನ್ನ ಉಳಿಸಿಕೊಟ್ಟರು" ಅಂದರು.

ಲೇಸಮ್ಮ ಮೊದಲು ನಕ್ಕರು, ಅರ್ಥವಾಗಿರಲಿಲ್ಲ. ಆಮೇಲೆ ಡಬ್ಬಿ ತೆಗೆದರು. ದಿಂಬಿನ ಮೇಲಿನ ಬಟ್ಟೆ ಸರಿಸಿದರು. ಗುಂಡುಸೂಜಿಗಳ ನಡುವೆ ಲೇಸು ಇದ್ದ ಹಾಗೇ ಇತ್ತು, ಅದರ ಕೆಳಗೆ ತುಂಡು ದಾರಗಳು ಜೋತಾಡುತ್ತಿದ್ದವು. ಅವರ ಬಾಯಿಂದ ಒಂದು ಸದ್ದು ಬಂತು, ಅಂಥ ಸದ್ದನ್ನು ನಾನು ಅದಕ್ಕೆ ಮೊದಲು ಕರು ಸತ್ತ ಹಸುವಿನ ಬಾಯಲ್ಲಿ ಮಾತ್ರ ಕೇಳಿದ್ದೆ. ಅತ್ತೆ ಅದನ್ನು ಋಣ ತೀರಿದ ದುಃಖ ಅಂದುಕೊಂಡರು. ಬೆನ್ನು ಸವರಿ, ಅಳು ತಾಯಿ, ಇವತ್ತು ಅಳಬೇಕು ಅಂದರು.

ಮಾರನೇ ದಿನವೇ ಲೇಸಮ್ಮ ಹೊಳೆಗೆ ಹೊರಟರು. ನಿಲ್ಲಲೂ ಶಕ್ತಿ ಇಲ್ಲ, ಬೇಡ ಅಂದರೆ ಕೇಳಲಿಲ್ಲ, ನಾನೂ ಜೊತೆಗೆ ಹೋದೆ. ಮತ್ತೆ ಮತ್ತೆ ಹೋದೆವು. ಮೊಣಕಾಲವರೆಗೆ ಕೆಸರಲ್ಲಿ ಇಳಿದು, ದಡಕ್ಕೆ ಬಿದ್ದ ಕಸವನ್ನೆಲ್ಲ ಕೈಯಿಂದ ಬಗೆದು ನೋಡೋರು. ಮೀನು ಹಿಡಿಯೋರನ್ನು ನಿಲ್ಲಿಸಿ ಮಣಿ ಸಿಕ್ತಾ ಅಂತ ಕೇಳೋರು. ಹೊಳೆ ಇಳಿದ ಮೇಲೆ ಮರಳಿನಲ್ಲೂ ಹುಡುಕಿದೆವು. ಒಂದೇ ಒಂದು ಸಿಗಲಿಲ್ಲ. ಅದಕ್ಕಿಂತ ಕೆಟ್ಟದ್ದು ಇನ್ನೊಂದಾಯಿತು. ಅವರಿಗೆ ಹೆಸರುಗಳು ಮರೆಯತೊಡಗಿದವು. ಅಮ್ಮ, ತಮ್ಮ, ಅಜ್ಜಿ ನೆನಪಿನಲ್ಲಿ ಇದ್ದರು. ಅದರ ಹಿಂದಿನವರು ಯಾರ ಮಗಳು ಯಾರು, ಯಾರನ್ನು ಕಟ್ಟಿಕೊಂಡಳು, ಕಡ್ಡಿ ಬೆರಳಿಗೆ ತಾಕಿದರೆ ಮಾತ್ರ ಬಾಯಿಗೆ ಬರುತ್ತಿತ್ತು. ನಮ್ಮ ಕಾಫಿ ಕಡ್ಡಿಗಳನ್ನು ಹಿಡಿದು ಪ್ರಯತ್ನಪಟ್ಟರು. ಎರಡು ಹೆಸರು ಹೇಳಿ ಮೂರನೆಯದಕ್ಕೆ ನಿಲ್ಲೋರು, ಮತ್ತೆ ಮೊದಲಿಂದ ಶುರು ಮಾಡೋರು. ನೀನು ಕೇಳಿದ್ದೀಯಲ್ಲ ಮಗಾ, ನೀನು ಹೇಳು ಅಂತ ನನ್ನ ಕೈ ಹಿಡಿಯೋರು. ಆ ಇಂಗ್ಲಿಷ್ ಹೆಸರುಗಳು ನನ್ನ ತಲೆಯಲ್ಲಿ ಎಲ್ಲಿ ನಿಂತಿರಬೇಕು. ಅವರ ಜೊತೆ ಸುಮ್ಮನೆ ಕೂತು ಅಳೋದು ಬಿಟ್ಟು ನನ್ನಿಂದ ಏನೂ ಆಗಲಿಲ್ಲ.

ನನಗೆ ನಿಜ ಗೊತ್ತಾದದ್ದು ಹೊಳೆಯ ದಡದಲ್ಲಿ. ಹೋಗಲಿ ಬಿಡಿ ಅಮ್ಮಾ, ಮೂಳೆ ಹೊಳೆಗೆ ಸೇರಿದರೆ ಒಳ್ಳೆಯದೇ ಅಲ್ವಾ ಅಂತ ಸಮಾಧಾನಕ್ಕೆ ಅಂದೆ. ಅವರು ನನ್ನ ಕಡೆ ತಿರುಗಿದರು.

"ಅದು ಮನುಷ್ಯರ ಮೂಳೆ ಅಲ್ಲ ಮಗಾ. ದನದ ಮೂಳೆ. ನಮ್ಮೂರಲ್ಲಿ ಕಟುಕನ ಹತ್ರದಿಂದ ತಂದು ಮಾಡ್ತಾರೆ."

ಅವತ್ತು ಅತ್ತೆ ಕೇಳಿದಾಗ ಯಾಕೆ ಹೇಳಲಿಲ್ಲ ಅಂದೆ. ಹೇಳಿದ್ದರೆ ನೀವು ಯಾರಾದರೂ ನನ್ನ ಮನೆಯೊಳಗೆ ಮತ್ತೆ ಕಾಲಿಡ್ತಿದ್ರಾ ಅಂದರು. ಇಷ್ಟು ವರ್ಷ ನಮ್ಮ ನಡುವೆ ಬದುಕಿದವರು, ಅಷ್ಟು ಗೊತ್ತಿರೋದಿಲ್ಲವೇ. ಒಬ್ಬಳೇ ಆಗಿಬಿಡ್ತೀನಿ ಅನ್ನೋ ಭಯಕ್ಕೆ ಬಾಯಿ ಮುಚ್ಚಿಕೊಂಡದ್ದು. ಆಮೇಲೆ ಅವರ ಕಣ್ಣು ಬೇರೆ ಥರ ಆಯಿತು. ನಿನ್ನತ್ತೆಗೂ ಹೇಳ್ತೀನಿ, ಅವಳು ಕೈಮುಗಿದದ್ದು ಯಾವುದಕ್ಕೆ ಅಂತ ಅವಳಿಗೂ ಗೊತ್ತಾಗಲಿ, ನನ್ನ ಕುಲವನ್ನೇ ತೊಳೆದು ಹಾಕಿದಳಲ್ಲ ಅಂತ ಹಲ್ಲು ಕಡಿದರು. ನಾನು ಕಾಲು ಹಿಡಿದೆ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಬೇಡಿಕೊಂಡೆ. ಅವರು ಕಿಟಕಿಯಿಂದ ಮುಖ ತಿರುಗಿಸಲಿಲ್ಲ. ಇಳಿದವರು ನೇರ ನಮ್ಮ ಮನೆಗೇ ಬಂದರು.

ಅತ್ತೆ ಜಗಲಿಯಲ್ಲಿ ಕಾಫಿ ಬೀಜ ಕೇರುತ್ತಿದ್ದರು. ಇವರನ್ನು ನೋಡಿ ಮೊರ ಬದಿಗಿಟ್ಟು, ಬಾ ಅಂತ ಪಕ್ಕದಲ್ಲಿ ಜಾಗ ಮಾಡಿದರು. ಲೇಸಮ್ಮ ಕೂರಲಿಲ್ಲ. "ಅಕ್ಕ, ನಿನಗೆ ಒಂದು ಮಾತು ಹೇಳಬೇಕು" ಅಂದರು. ನಾನು ಬಾಗಿಲ ಚೌಕಟ್ಟು ಹಿಡಿದುಕೊಂಡೆ.

ನಾನೇ ಮೊದಲು ಹೇಳ್ತೀನಿ, ಎಷ್ಟೋ ದಿನದಿಂದ ಗಂಟಲಲ್ಲಿದೆ ಅಂದರು ಅತ್ತೆ. ತಲೆ ತಗ್ಗಿಸಿ, ನೆಲದ ಮೇಲೆ ಬೆರಳಾಡಿಸುತ್ತಾ ಹೇಳಿದರು. ಹೊಳೆಯಲ್ಲಿ ನಿಂತಾಗ ಆಸೆ ತಡೆಯಲಿಲ್ಲವಂತೆ. ಗಂಟಿನಿಂದ ಒಂದನ್ನು ಮಾತ್ರ ಬೇರೆ ತೆಗೆದು, ನನ್ನ ಮಗನದ್ದು ಅಂತ ಅವನ ಹೆಸರು ಹೇಳಿ ನೀರಿಗೆ ಬಿಟ್ಟರಂತೆ. ಅವತ್ತಿಂದ ಅವನು ಬಾಗಿಲಿಗೆ ಬಂದಿಲ್ಲವಂತೆ. ಅದು ನಿಜ, ಅತ್ತೆ ನಿದ್ದೆಯಲ್ಲಿ ಎದ್ದು ಕೂರೋದು ನಿಂತಿದ್ದು ನಾವೂ ನೋಡಿದ್ದೆವು. ಯಾಕೆ ಅಂತ ಗೊತ್ತಿರಲಿಲ್ಲ.

"ನನ್ನ ಮಗನಿಗೆ ದಾರಿಯಾಯ್ತು. ನಿನ್ನೋರಲ್ಲಿ ಯಾರದ್ದನ್ನು ಕದ್ದೆನೋ, ಆ ಜೀವಕ್ಕೆ ಮೋಸ ಆಯ್ತೇನೋ ಅಂತ ಸುಡ್ತಾ ಇದೆ ತಾಯಿ. ನೀಲಿ ಮಣಿ ಇತ್ತು ಅದಕ್ಕೆ. ಅದು ಯಾರದು?"

ಲೇಸಮ್ಮನ ಆ ದೊಡ್ಡ ಕೈಗಳು ಫ್ರಾಕಿನ ಎರಡು ಬದಿಯನ್ನು ಹಿಡಿದು ಹಿಂಡುತ್ತಿದ್ದವು. ಅವರ ತುಟಿ ಆಡುವುದನ್ನು ನಾನು ನೋಡುತ್ತಿದ್ದೆ. ದೇವರೇ ಬೇಡ, ದೇವರೇ ಬೇಡ ಅಂತ ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದೆ. ಅತ್ತೆ ತಲೆಯೆತ್ತಿ ಕಾಯುತ್ತಿದ್ದರು.

"ಅದು ನನ್ನ ತಮ್ಮಂದು," ಅಂದರು ಕೊನೆಗೆ. ಅತ್ತೆಯ ಮುಖ ಬಾಡಿತು. ಲೇಸಮ್ಮ ಪಕ್ಕದಲ್ಲಿ ಕೂತು ಅವರ ಕೈ ಹಿಡಿದುಕೊಂಡರು. "ಮೋಸ ಏನೂ ಆಗಿಲ್ಲ ಅಕ್ಕ. ಅವನು ಒಬ್ಬನೇ ಹೋಗೋಕೆ ಹೆದರೋನು. ನಿನ್ನ ಮಗ ಇದ್ದಾನಲ್ಲ ಈಗ, ಇಬ್ಬರೂ ಜೊತೆಗೆ ಹೋಗಿರ್ತಾರೆ."

ಹಾಗಾದರೆ ಸರಿ, ಹಾಗಾದರೆ ಸರಿ ಅಂತ ಅತ್ತೆ ಎರಡು ಸಲ ಹೇಳಿದರು. ನೀನು ಹೇಳಬೇಕಾದ್ದು ಏನು ಅಂತ ಆಮೇಲೆ ಕೇಳಿದರು. ಏನೂ ಇಲ್ಲ, ಮರೆತುಹೋಯ್ತು ಅಂದರು ಲೇಸಮ್ಮ. ಕಾಫಿ ಕುಡಿದರು. ಹೊರಟಾಗ ನಾನು ಜೊತೆಗೆ ಹೋದೆ. ಅಂಗಳದ ಕೆಳಗಿನ ಮೆಟ್ಟಿಲವರೆಗೆ ನೆಟ್ಟಗೆ ನಡೆದವರು ಅಲ್ಲಿ ಕುಸಿದು ಕೂತು, ಟೋಪಿಯನ್ನು ಬಾಯಿಗೆ ಒತ್ತಿಕೊಂಡು ನಡುಗತೊಡಗಿದರು. ಜಗಲಿಯಿಂದ ಅತ್ತೆ, ಏನಾಯ್ತೇ ಅಂತ ಕೂಗಿದರು. ಲೇಸಮ್ಮ ಟೋಪಿ ತೆಗೆದು, ಜಾರಿದೆ ಅಕ್ಕ, ಕಾಲು ಉಳುಕಿತು ಅಂದರು.

ಅತ್ತೆ ಹರಳೆಣ್ಣೆ ಬಿಸಿ ಮಾಡಿಕೊಂಡು ಓಡಿ ಬಂದರು. ಮೆಟ್ಟಿಲ ಮೇಲೆ ಕೂತು, ಏನೂ ಆಗದ ಆ ಪಾದವನ್ನು ತೊಡೆಯ ಮೇಲಿಟ್ಟುಕೊಂಡು ನೀವತೊಡಗಿದರು. ತುಂಬಾ ನೋಯ್ತಾ ಇದೆಯಾ ಅಂತ ಕೇಳಿದರು. ತುಂಬಾ ನೋಯ್ತಾ ಇದೆ ಅಂದರು ಲೇಸಮ್ಮ, ಅಂದು, ಆಮೇಲೆ ಗಟ್ಟಿಯಾಗಿಯೇ ಅತ್ತರು.